ಸಂಜೆ ಐದು ಹನ್ನೆರಡರ ಸ್ಟರ್ಜನ್

ಕಂಪ್ಯೂಟರ್ ಅವನನ್ನು ಸ್ಟರ್ಜನ್ ಎಂದು ಎಣಿಸಿತ್ತು.

ಶನಿವಾರ ಬೆಳಿಗ್ಗೆ ಎಂಟು ಗಂಟೆ. ಹೆರನ್ ಬೆಂಡ್ ಅಣೆಕಟ್ಟಿನ ಹೊಟ್ಟೆಯೊಳಗೆ, ಮೀನು ಎಣಿಸುವ ಕೋಣೆಯಲ್ಲಿ ನಾನೊಬ್ಬಳೇ. ಎದುರಿಗೆ ಆಳೆತ್ತರದ ಗಾಜು. ಗಾಜಿನ ಆಚೆ ಹಸಿರು ನೀರು. ಸಮುದ್ರದಿಂದ ನೂರಾರು ಮೈಲಿ ಈಜಿ ಬಂದ ಮೀನು ಅಣೆಕಟ್ಟು ದಾಟಬೇಕಾದರೆ ಮೆಟ್ಟಿಲು ಕಾಲುವೆ ಹತ್ತಿ ಈ ಗಾಜಿನ ಮುಂದೆಯೇ ಹಾದು ಹೋಗಬೇಕು. ಎಣಿಸುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷವಾಯಿತು. ಲವಾನ್ ಸ್ಟಿಕ್ನಿಗೆ ಗಂಡನ ಹುಟ್ಟುಹಬ್ಬ ಮರೆತರೂ ಮೀನಿನ ಲೆಕ್ಕ ಮರೆಯುವುದಿಲ್ಲ ಎಂದು ಊರವರು ನನ್ನನ್ನು ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ.

ನವೆಂಬರ್ ಬಂದರೆ ಮೀನು ಕಡಿಮೆ. ಸಂಜೆ ನಾಲ್ಕಕ್ಕೆ ನಾವು ಎದ್ದು ಹೋಗುತ್ತೇವೆ. ನಾಲ್ಕರಿಂದ ರಾತ್ರಿ ಎಂಟರವರೆಗೆ ಕ್ಯಾಮೆರಾ ನೋಡುತ್ತದೆ. ಆ ವಿಡಿಯೋವನ್ನು ಬ್ರಿನ್ ಓಕ್ವಿಸ್ಟ್ ಎಂಬ ನಮ್ಮ ಜೀವಶಾಸ್ತ್ರಜ್ಞೆ ಬರೆದ ಪ್ರೋಗ್ರಾಂ ಜಾಲಾಡಿ, ಮೀನು ಕಂಡ ಚಿತ್ರಗಳನ್ನಷ್ಟೇ ಹೆಕ್ಕಿ, ಜಾತಿ ಬರೆದು, ಗಂಟೆ ಬರೆದು ಇಟ್ಟಿರುತ್ತದೆ. ಬೆಳಿಗ್ಗೆ ನಾನು ಒಂದೊಂದನ್ನೇ ನೋಡಿ ಹೌದು, ಅಲ್ಲ ಎಂದು ಗುಂಡಿ ಒತ್ತಬೇಕು.

ಸ್ಟೀಲ್‌ಹೆಡ್. ಹೌದು. ಸ್ಟೀಲ್‌ಹೆಡ್. ಹೌದು. ಕೋಹೋ. ಹೌದು.

ಹದಿನೇಳನೆಯ ಚಿತ್ರ: ಸ್ಟರ್ಜನ್, ಸಂಜೆ 5:12.

ಸ್ಟರ್ಜನ್ ಎಂದರೆ ಆಳುದ್ದದ ಮೀನು, ಅಷ್ಟು ದೊಡ್ಡದು ಈ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿಲ್ಲ. ಕನ್ನಡಕ ಒರೆಸಿ ನೋಡಿದೆ. ಉಣ್ಣೆಯ ಟೊಪ್ಪಿ. ತೆರೆದ ಕಣ್ಣು. ಗಾಜಿಗೆ ಅಂಗೈ ಚಪ್ಪಟೆಯಾಗಿ ಅಂಟಿತ್ತು, ಒಳಗೆ ಬಿಡಿ ಎಂದು ಕೇಳುವವನ ಹಾಗೆ. ಎಲ್ಲ ಮೀನುಗಳೂ ಎಡದಿಂದ ಬಲಕ್ಕೆ, ಪ್ರವಾಹಕ್ಕೆ ಎದುರಾಗಿ ಹೋಗಿದ್ದವು. ಇವನೊಬ್ಬ ಬಲದಿಂದ ಎಡಕ್ಕೆ ಹೋಗಿದ್ದ.

ನನ್ನ ಬೆರಳು ‘ಅಲ್ಲ’ ಒತ್ತಿತು. ಮುಂದಿನ ಚಿತ್ರ ಬಂತು: ಬಿಳಿಮೀನು, 5:12. ನೋಡದೆಯೇ ‘ಹೌದು’ ಒತ್ತಿದೆ. ಆಮೇಲೆ ಫೋನ್ ಎತ್ತಿಕೊಂಡೆ.

* * *

ಹನ್ನೊಂದರ ಹೊತ್ತಿಗೆ ಹೆಣ ಸಿಕ್ಕಿತು. ಮೆಟ್ಟಿಲು ಕಾಲುವೆಯಲ್ಲಿ, ಗಾಜಿನಿಂದ ಮೂರು ಕೊಳ ಕೆಳಗೆ, ಕಬ್ಬಿಣದ ಕಂಬಿಗೆ ಒತ್ತಿಕೊಂಡಿತ್ತು. ಗ್ರೇಡಿ ಮಸ್ಟೋ. ಮೀನು ಮೆಟ್ಟಿಲಿನ ಮೇಲ್ವಿಚಾರಕ. ಒಂಟಿ ಮನುಷ್ಯ, ರಾತ್ರಿ ಮನೆಗೆ ಬರಲಿಲ್ಲವೆಂದು ಹುಡುಕುವವರೂ ಇರಲಿಲ್ಲ.

ತನಿಖೆಗೆ ಬಂದವಳು ಶೆರಿಫ್ ಕಚೇರಿಯ ಡೆಪ್ಯುಟಿ ಇನೆಸ್ ಬರಾಗನ್. ಗಿಡ್ಡ ಹೆಂಗಸು. ಮಾತು ಕಡಿಮೆ. ಜೇಬಿನಿಂದ ಸೂರ್ಯಕಾಂತಿ ಬೀಜ ತೆಗೆದು ಕಚ್ಚುತ್ತಾ, ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗಿಯುತ್ತಾ ನಡೆಯುತ್ತಾಳೆ. ಗಾಜಿನ ಮೇಲ್ಗಡೆ, ಕಾಲುವೆಗುಂಟ ಇರುವ ಕಬ್ಬಿಣದ ಓಣಿಯಲ್ಲಿ ಅವಳ ಹಿಂದೆ ನಾನೂ ಹೋದೆ. ನೆಲದಲ್ಲಿ ಒಂದು ಮುಚ್ಚಳ. ಅದನ್ನೆತ್ತಿದರೆ ಕೆಳಗೆ ನೀರು. ಮುಚ್ಚಳಕ್ಕೆ ಮೇಲಿನಿಂದ ಚಿಲಕ ಬಿದ್ದಿತ್ತು.

ಜಾರಿ ಬಿದ್ದಿರಬಹುದಲ್ಲವೇ ಎಂದು ಕೇಳಿದೆ.

“ಬಿದ್ದವನು ನೀರೊಳಗಿಂದ ಮೇಲಿನ ಚಿಲಕ ಹಾಕ್ಕೊಳ್ತಾನಾ?” ಎಂದಳು ಡೆಪ್ಯುಟಿ.

ಚಿಲಕ ತೆಗೆದು ಮುಚ್ಚಳ ಎತ್ತಿದಳು. ಮುಚ್ಚಳದ ಕೆಳಬದಿಯಲ್ಲಿ ಉಗುರಿನ ಗೀರುಗಳಿದ್ದವು.

ಡಾಕ್ಟರು ಕೈ ಚೆಲ್ಲಿದರು. ಮಂಜಿನಂಥ ನೀರಿನಲ್ಲಿದ್ದ ಹೆಣ. ಸತ್ತದ್ದು ನಾಲ್ಕರಿಂದ ಎಂಟರೊಳಗೆ, ಅಷ್ಟೇ ಹೇಳಬಲ್ಲೆ ಎಂದರು. ಆದರೆ ನಮ್ಮ ಹತ್ತಿರ ಚಿತ್ರವಿತ್ತು, ಚಿತ್ರದ ಮೇಲೆ ಗಂಟೆಯಿತ್ತು. ಐದು ಹನ್ನೆರಡು. ಅದನ್ನು ಡೆಪ್ಯುಟಿಯ ಕೈಗೆ ಕೊಟ್ಟವಳು ನಾನೇ.

ಮುಖ್ಯ ಗೇಟು ಕಾರ್ಡ್ ತೋರಿಸದೆ ತೆರೆಯುವುದಿಲ್ಲ. ನಾಲ್ಕರ ನಂತರ ಒಳಗಿದ್ದವರೆಂದು ಯಂತ್ರ ಎರಡೇ ಹೆಸರು ಹೇಳಿತು. ಗ್ರೇಡಿ ಮಸ್ಟೋ ಒಳಗೆ ಬಂದದ್ದು ಮೂರೂವರೆಗೆ, ಹೊರಗೆ ಹೋಗಿಲ್ಲ. ಎಮೆಟ್ ಸ್ಕೋಗನ್ ಒಳಗೆ ಬಂದದ್ದು ನಾಲ್ಕು ಐವತ್ತಕ್ಕೆ, ಹೊರಗೆ ಹೋದದ್ದು ಐದು ಮೂವತ್ತನಾಲ್ಕಕ್ಕೆ.

ಎಮೆಟ್ ನನ್ನ ಜೊತೆಗಾರ. ಹತ್ತೊಂಬತ್ತು ವರ್ಷದಿಂದ ಇಬ್ಬರಿಗೂ ಒಂದೇ ಕುರ್ಚಿ. ಎಣಿಸುವವರ ಪದ್ಧತಿ ಹಾಗೆ. ಐವತ್ತು ನಿಮಿಷ ಅವನು ಎಣಿಸಬೇಕು. ಹತ್ತು ನಿಮಿಷ ಕಣ್ಣಿಗೆ ವಿಶ್ರಾಂತಿ, ಇಬ್ಬರೂ ಕಾಫಿ ಕುಡಿಯಬೇಕು. ಮುಂದಿನ ಐವತ್ತು ನಾನು. ಯಾರೂ ನೋಡದ ಆ ಹತ್ತು ನಿಮಿಷದಲ್ಲೂ ಮೀನು ಅದೇ ಪ್ರಮಾಣದಲ್ಲಿ ಹೋಯಿತೆಂದು ಹಿಡಿದು ಲೆಕ್ಕ ತುಂಬಿಸುತ್ತೇವೆ. ಅದನ್ನು ಯಾರೂ ಪ್ರಶ್ನಿಸಿದ್ದಿಲ್ಲ.

ವಾರದ ಹಿಂದೆ ಎಮೆಟ್ ಎಲ್ಲರೆದುರು ಗ್ರೇಡಿಯ ಜೊತೆ ಜಗಳವಾಡಿದ್ದ. ಪ್ರೋಗ್ರಾಂ ಬಂತಲ್ಲ, ಬರುವ ವರ್ಷ ನಮ್ಮಿಬ್ಬರನ್ನೂ ಮನೆಗೆ ಕಳಿಸುತ್ತೀಯಾ ಎಂದು. ಇಪ್ಪತ್ತು ವರ್ಷದ ಸ್ನೇಹ ಅಂದು ಮುರಿದಿತ್ತು.

ಡೆಪ್ಯುಟಿ ಅವನನ್ನು ನಮ್ಮ ಕೋಣೆಯಲ್ಲೇ ಕೂರಿಸಿ ವಿಚಾರಿಸಿದಳು. ಎಮೆಟ್ ಏನನ್ನೂ ಮುಚ್ಚಿಡಲಿಲ್ಲ. ರಾಜಿಯಾಗಲೆಂದೇ ಹೋಗಿದ್ದನಂತೆ. ಗ್ರೇಡಿ ಫ್ಲಾಸ್ಕಿನಿಂದ ಕಾಫಿ ಕೊಟ್ಟು, ಕೈ ಕುಲುಕಿದನಂತೆ. ಅಣೆಕಟ್ಟಿನ ಮೇಲ್ಗಡೆಯ ಮೀನು ಬೋನಿನಿಂದ ಮೊಟ್ಟೆಯಿರುವ ಮೀನನ್ನು ಯಾರೋ ಕದಿಯುತ್ತಿದ್ದಾರೆ, ಇವತ್ತು ಕಾದಿದ್ದು ಹಿಡಿಯುತ್ತೇನೆ ಎಂದನಂತೆ.

“ಎಷ್ಟು ಹೊತ್ತಿಗೆ?”

“ಐದೂ ಇಪ್ಪತ್ತೈದು. ಚರ್ಚಿನ ಊಟಕ್ಕೆ ತಡ ಆಗುತ್ತೆ ಅಂತ ಗಡಿಯಾರ ನೋಡ್ಕೊಂಡೆ.”

ಡೆಪ್ಯುಟಿ ಚಿತ್ರವನ್ನು ಅವನ ಮುಂದೆ ತಳ್ಳಿದಳು. “ಐದೂ ಹನ್ನೆರಡಕ್ಕೆ ಅವನ ಹೆಣ ಈ ಗಾಜಿನ ಮುಂದೆ ಹೋಗಿದೆ.”

ಎಮೆಟ್ ಚಿತ್ರ ನೋಡಿದ. ಗಾಜು ನೋಡಿದ.

“ಹಾಗಾದ್ರೆ ನಾನು ಯಾರ ಜೊತೆ ಮಾತಾಡಿದ್ದು?” ಎಂದ.

ಅವನನ್ನು ಕರೆದುಕೊಂಡು ಹೋದರು.

* * *

ಊರಿಗೆ ಬಾಯಿ ಬಂತು. ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ, ಬೇಕರಿಯಲ್ಲಿ ಎಲ್ಲಾ ಒಂದೇ ಮಾತು. ಗ್ರೇಡಿ ಸತ್ತು ಹದಿಮೂರು ನಿಮಿಷ ಆದಮೇಲೆ ಎಮೆಟ್ ಅವನ ಜೊತೆ ಕಾಫಿ ಕುಡಿದನಂತೆ. ಕೆಲವರು ಸುಳ್ಳುಗಾರ ಎಂದರು. ಕೆಲವರು, ಅವನ ತಾಯಿಗೂ ಕೊನೆಗಾಲಕ್ಕೆ ತಲೆ ಕೆಟ್ಟಿತ್ತಲ್ಲ ಎಂದರು. ಇನ್ನು ಕೆಲವರು ಸಂಜೆಯಾದ ಮೇಲೆ ಅಣೆಕಟ್ಟಿನ ರಸ್ತೆಯಲ್ಲಿ ಕಾರು ಓಡಿಸುವುದನ್ನೇ ಬಿಟ್ಟರು.

ಗ್ರೇಡಿ ಸತ್ತ ಆ ಶುಕ್ರವಾರ ಚರ್ಚಿನಲ್ಲಿ ವರ್ಷಕ್ಕೊಮ್ಮೆಯ ಲೂಟಫಿಸ್ಕ್ ಊಟವಿತ್ತು. ಕ್ಷಾರದಲ್ಲಿ ನೆನೆಸಿ ಬೇಯಿಸಿದ ಒಣಮೀನು. ತಟ್ಟೆ ಮುಟ್ಟಿದರೆ ನಡುಗುತ್ತದೆ. ನಾಲ್ಕು, ಐದು, ಆರು ಗಂಟೆಗೆ ಮೂರು ಪಂಕ್ತಿ. ಊರಿಗೆ ಊರೇ ಅಲ್ಲಿತ್ತು. ನಾನು ಐದರ ಪಂಕ್ತಿಯಲ್ಲಿ ಕೂತೆ. ಏಪ್ರನ್ ಕಟ್ಟಿಕೊಂಡು ಆಲೂಗಡ್ಡೆ ಬಡಿಸುತ್ತಿದ್ದವನು ಲೈಲ್ ಪ್ರುಯಿಟ್. ಅಣೆಕಟ್ಟಿನ ಮೇಲ್ಗಡೆ ಮೀನು ಹಿಡಿದು ಗುರುತು ಹಾಕಿ ಬಿಡುವ ಬೋನು ನೋಡಿಕೊಳ್ಳುವವನು. ನಗುಮುಖದ ಆಸಾಮಿ. ಆಮೇಲೆ ನಾನು ಅಡುಗೆಮನೆಯಲ್ಲಿ ಉಳಿದೆ. ಏಳೂ ಕಾಲರ ಹೊತ್ತಿಗೆ ಲೈಲ್ ಯಾರೂ ಹೇಳದೆಯೇ ತೋಳು ಮಡಿಸದೆ ಪಾತ್ರೆ ತೊಳೆಯಲು ನಿಂತಿದ್ದ. ಸೂರ್ಯ ಯಾವ ಕಡೆ ಹುಟ್ಟಿದನೋ ಇವತ್ತು ಎಂದು ರೇಗಿಸಿದೆ. ಅವನು ನೊರೆ ಎರಚಿ ನಕ್ಕ.

ಎಮೆಟ್ ಬಂಧನದ ಮರುದಿನ ಲೈಲ್ ನನ್ನ ಬಾಗಿಲಿಗೆ ಹೊಗೆ ಹಾಕಿದ ಮೀನಿನ ಪೊಟ್ಟಣ ತಂದುಕೊಟ್ಟ. ಬಡಪಾಯಿ ಮುದುಕ, ಪ್ರಜ್ಞೆಯಿಲ್ಲದೆ ಮಾಡಿರಬೇಕು, ಕೋರ್ಟಿನವರು ಕನಿಕರ ತೋರಿಸುತ್ತಾರೆ ಎಂದು ಸಮಾಧಾನ ಹೇಳಿದ. ನನಗೆ ಕಣ್ಣೀರು ಬಂತು. ಆ ಮೀನನ್ನು ಅಂದೇ ತಿಂದೆ.

ಸೋಮವಾರ ಜೈಲಿನಲ್ಲಿ ಎಮೆಟ್‌ನನ್ನು ನೋಡಿದೆ. ಎರಡೇ ದಿನಕ್ಕೆ ಇಳಿದುಹೋಗಿದ್ದ. ಗುರುವಾರ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ, ತಪ್ಪು ಒಪ್ಪಿಕೊಳ್ಳುತ್ತೇನೆ ಎಂದ.

“ಮಾಡದೇ ಇರೋದನ್ನ ಯಾಕೋ ಒಪ್ಕೋತೀಯ?”

“ಮಾಡಿಲ್ಲ ಅಂತ ನನಗೇ ಗೊತ್ತಿಲ್ವಲ್ಲ, ಲವಾನ್. ಅವನು ಕೈ ಕುಲುಕಿದ್ದು ಬೆಚ್ಚಗಿತ್ತು. ಅದೂ ನನ್ನ ತಲೆಯೇ ಕಟ್ಟಿದ ಕಥೆ ಆದ್ರೆ, ಇನ್ನು ಯಾವುದನ್ನ ನಂಬಲಿ?”

ಅರವತ್ತೇಳು ವರ್ಷದವನು. ಒಳಗೆ ಹೋದರೆ ಹೊರಗೆ ಬರುವುದು ಹೆಣವಾಗಿಯೇ. ಅದಕ್ಕಿಂತ ಅವನ ಮುಖ ನೋಡಿ ನನಗೆ ಹೆದರಿಕೆಯಾಯಿತು. ತನ್ನ ಕಣ್ಣನ್ನೇ ನಂಬದ ಎಣಿಕೆಗಾರ ಸತ್ತ ಹಾಗೆಯೇ ಲೆಕ್ಕ.

* * *

ಮಂಗಳವಾರ ಮಧ್ಯಾಹ್ನ ನಾನು ಶುಕ್ರವಾರದ ವಿಡಿಯೋವನ್ನು ಮೊದಲಿನಿಂದ ಹಾಕಿಕೊಂಡು ಕೂತೆ. ಪ್ರೋಗ್ರಾಂ ಹೆಕ್ಕಿದ ಚಿತ್ರಗಳನ್ನಲ್ಲ, ಇಡೀ ವಿಡಿಯೋವನ್ನು. ಬ್ರಿನ್ ಮಾಡಿಕೊಟ್ಟ ಪರದೆಯಲ್ಲಿ ಚಿತ್ರದ ಮೂಲೆಗೆ ಅವಳ ಪ್ರೋಗ್ರಾಂ ಲೆಕ್ಕ ಹಾಕಿದ ಗಂಟೆ ಓಡುತ್ತಿರುತ್ತದೆ. ನಾಲ್ಕು ಗಂಟೆಯಿಂದ ಶುರು. ಕೈಯಲ್ಲಿ ಒತ್ತಿದಂತೆಲ್ಲ ಒಂದೊಂದು ಸಂಖ್ಯೆ ಏರುವ ನನ್ನ ಹಳೇ ಎಣಿಕೆ ಗುಂಡಿ.

ಮೊದಲ ಅರ್ಧ ಗಂಟೆ ಮೀನು ಹೋದವು. ಆಮೇಲೆ ಕಡಿಮೆಯಾದವು. ಆಮೇಲೆ ಬರೀ ನೀರು.

ಆ ಬರೀ ನೀರು ಸರಿಯಿರಲಿಲ್ಲ. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನೀರಿನಲ್ಲಿ ಸದಾ ಕಸದ ಕಣಗಳು ತೇಲುತ್ತವೆ, ನಿಧಾನಕ್ಕೆ. ಇಲ್ಲಿ ಅವು ಹುಚ್ಚು ಹಿಡಿದಂತೆ ಓಡುತ್ತಿದ್ದವು. ಒಂದು ಮೀನು ಬಂದ ಕೂಡಲೇ ಕಣಗಳು ನಿಧಾನವಾದವು. ಮೀನು ಹೋಯಿತು, ಮತ್ತೆ ಓಟ. ಯಾರೂ ನೋಡದಾಗ ನದಿಯೇ ಅವಸರ ಮಾಡುತ್ತಿದ್ದ ಹಾಗಿತ್ತು.

ಅಷ್ಟರಲ್ಲಿ ಬ್ರಷ್ ಬಂತು.

ಗಾಜಿನ ಆಚೆ ಪಾಚಿ ಉಜ್ಜುವ ಒಂದು ಉದ್ದನೆಯ ಬ್ರಷ್ ಇದೆ. ಅದಕ್ಕೆ ಬೇರೆಯದೇ ಗಡಿಯಾರ. ಗಂಟೆಗೊಮ್ಮೆ, ಗಂಟೆ ಹೊಡೆದ ಕ್ಷಣಕ್ಕೆ, ಗಾಜನ್ನು ಒಮ್ಮೆ ಒರೆಸಿ ಹೋಗುತ್ತದೆ. ಆ ಬ್ರಷ್ ನೋಡಿಯೇ ನಾವು ಸರದಿ ಬದಲಿಸುವುದು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. ಮೀನಲ್ಲವೆಂದು ಪ್ರೋಗ್ರಾಂ ಅದನ್ನು ಎಸೆದಿತ್ತು, ಹಾಗಾಗಿ ಹೆಕ್ಕಿದ ಚಿತ್ರಗಳಲ್ಲಿ ಅದು ಇರಲಿಲ್ಲ.

ಮೂಲೆಯ ಗಂಟೆ ನೋಡಿದೆ. ನಾಲ್ಕು ಐವತ್ತೆರಡು.

ಬ್ರಷ್ ಎಂಟು ನಿಮಿಷ ಮುಂಚೆ ಬರುವುದೇ? ಮುಂದೆ ಓಡಿಸಿದೆ. ಮತ್ತೆ ಬ್ರಷ್ ಬಂತು. ಐದು ಮೂರು. ಅಂದರೆ ಹನ್ನೊಂದೇ ನಿಮಿಷಕ್ಕೆ ಇನ್ನೊಂದು ಗಂಟೆ ಕಳೆದುಹೋಗಿತ್ತು.

ಕಾಫಿ ಚೆಲ್ಲಿಕೊಂಡದ್ದು ಗೊತ್ತಾಗಲಿಲ್ಲ. ಗ್ರೇಡಿ ಬಂದ. ನಿಧಾನಕ್ಕೆ, ಅಂಗೈ ಗಾಜಿಗೆ ತಾಗಿಸುತ್ತಾ ಹೋದ. ಅವನು ಹೋದದ್ದು ಎರಡನೇ ಬ್ರಷ್ ಆದ ಮೇಲೆ. ಅಂದರೆ ಆರು ಗಂಟೆ ಆದ ಮೇಲೆ.

* * *

ಒಂದು ಗಂಟೆಯೊಳಗೆ ಬ್ರಿನ್ ಮತ್ತು ಡೆಪ್ಯುಟಿ ಇಬ್ಬರೂ ಕೋಣೆಯಲ್ಲಿದ್ದರು. ಬ್ರಿನ್ ಕಣಗಳ ಓಟ ನೋಡಿದವಳೇ ಬಿಳಿಚಿಕೊಂಡಳು.

“ಪ್ರೋಗ್ರಾಂಗೆ ಗಂಟೆ ಹೇಗೆ ಗೊತ್ತಾಗುತ್ತೆ?” ಎಂದು ಡೆಪ್ಯುಟಿ ಕೇಳಿದಳು.

ವಿಡಿಯೋ ಅಂದರೆ ಸಾಲಾಗಿ ಇಟ್ಟ ಚಿತ್ರಗಳು ಎಂದು ಬ್ರಿನ್ ವಿವರಿಸಿದಳು. ಸೆಕೆಂಡಿಗೆ ಮೂವತ್ತು. ಅವಳ ಪ್ರೋಗ್ರಾಂ ಇದು ಎಷ್ಟನೇ ಚಿತ್ರ ಎಂದು ಎಣಿಸಿ, ಮೂವತ್ತರಿಂದ ಭಾಗಿಸಿ, ನಾಲ್ಕು ಗಂಟೆಗೆ ಕೂಡಿಸುತ್ತಿತ್ತು. ಸೆಪ್ಟೆಂಬರಿನಲ್ಲಿ ಪರೀಕ್ಷೆ ಮಾಡಿದಾಗ ಒಂದು ಸೆಕೆಂಡೂ ತಪ್ಪಿರಲಿಲ್ಲ. ಆಗ ಮೀನು ಸಾಲುಗಟ್ಟಿ ಬರುತ್ತಿದ್ದವು, ಕ್ಯಾಮೆರಾಕ್ಕೆ ಬಿಡುವೇ ಇರಲಿಲ್ಲ.

“ಏನೂ ಅಲುಗಾಡದೇ ಇದ್ರೆ ಈ ಕ್ಯಾಮೆರಾ ಜಾಗ ಉಳಿಸೋಕೆ ಸೆಕೆಂಡಿಗೆ ಐದೇ ಚಿತ್ರ ತೆಗೆಯುತ್ತೆ,” ಎಂದಳು ಬ್ರಿನ್. “ನಾನು ಅದನ್ನೂ ಮೂವತ್ತು ಅಂತಲೇ ಹಿಡಿದುಬಿಟ್ಟೆ. ನೀರು ಸುಮ್ಮನಿದ್ದ ಒಂದು ಗಂಟೆ ನನ್ನ ಲೆಕ್ಕದಲ್ಲಿ ಹತ್ತೇ ನಿಮಿಷ.”

ನೋಡದ ಹೊತ್ತೂ ನೋಡಿದ ಹೊತ್ತಿನಂತೆಯೇ ಇತ್ತೆಂದು ಹಿಡಿಯುವುದು. ಅವಳು ಅದನ್ನು ಕಲಿತದ್ದು ಎಲ್ಲಿಂದ ಎಂದು ನನಗೆ ಗೊತ್ತಿತ್ತು. ನಮ್ಮ ಹತ್ತು ನಿಮಿಷದ ಕಾಫಿಯಿಂದಲೇ.

ನಿಜವಾದ ಗಂಟೆ ತಿಳಿಯುವುದು ಹೇಗೆ ಎಂದು ಡೆಪ್ಯುಟಿ ಕೇಳಿದಳು.

“ಪ್ರತಿ ಚಿತ್ರದ ಜೊತೆಗೂ ಅದು ತೆಗೆದ ಗಳಿಗೆ ಫೈಲಿನಲ್ಲೇ ಇರುತ್ತೆ. ಚಿತ್ರವನ್ನೇ ಕೇಳಿದ್ರೆ ಹೇಳುತ್ತೆ. ನಾನು ಕೇಳ್ಲೇ ಇಲ್ಲ.”

ಬ್ರಿನ್ ಒಂದು ಸಾಲು ಅಳಿಸಿದಳು, ಒಂದು ಸಾಲು ಬರೆದಳು. ವಿಡಿಯೋ ಮತ್ತೆ ಓಡಿತು. ಈಗ ಮೊದಲ ಬ್ರಷ್ ಸರಿಯಾಗಿ ಐದಕ್ಕೆ ಬಂತು. ಎರಡನೆಯದು ಆರಕ್ಕೆ. ಮೂರನೆಯದು ಏಳಕ್ಕೆ. ಬ್ರಷ್ಷಿನ ಗಡಿಯಾರ ಬೇರೆ, ಕ್ಯಾಮೆರಾದ್ದು ಬೇರೆ. ಎರಡೂ ಒಂದೇ ಮಾತು ಹೇಳಿದವು.

ಗ್ರೇಡಿ ಗಾಜಿನ ಮುಂದೆ ಹೋದದ್ದು ಸಂಜೆ ಆರು ಮೂವತ್ತೊಂದಕ್ಕೆ.

ಡೆಪ್ಯುಟಿ ಬೀಜ ಕಚ್ಚುವುದನ್ನು ನಿಲ್ಲಿಸಿದಳು. ಆರು ಮೂವತ್ತೊಂದಕ್ಕೆ ಎಮೆಟ್ ಎಲ್ಲಿದ್ದ? ಆರರ ಪಂಕ್ತಿಯಲ್ಲಿ, ಎಂಬತ್ತು ಜನರ ನಡುವೆ. ಅವನ ತಟ್ಟೆಗೆ ಬೆಣ್ಣೆ ಸುರಿದವರಲ್ಲಿ ಪಾದ್ರಿಯೂ ಒಬ್ಬರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆವು.

“ಎಮೆಟ್ ಹೇಳಿದ್ದು ನಿಜ ಅಂದ್ರೆ,” ಡೆಪ್ಯುಟಿ ನಿಧಾನಕ್ಕೆ ಹೇಳಿದಳು, “ಗ್ರೇಡಿ ಹೇಳಿದ್ದೂ ನಿಜ. ಬೋನಿನ ಮೀನು ಕದಿಯೋನನ್ನ ಹಿಡಿಯೋಕೆ ಕಾದಿದ್ದ. ಸತ್ತವನ ಮಾತು ಅಂತ ನಾನೇ ಕಿವಿಗೆ ಹಾಕ್ಕೊಳ್ಲಿಲ್ಲ.”

ಬೋನಿಗೆ ಹೋಗಲು ಮೇಲ್ಗಡೆಯ ಹಳೇ ಗೇಟಿದೆ. ಅದಕ್ಕೆ ಕಾರ್ಡಿಲ್ಲ, ಬೀಗದ ಕೈ. ಅದು ಇರುವುದು ಲೈಲ್ ಪ್ರುಯಿಟ್ ಹತ್ತಿರ ಮಾತ್ರ. ಐದು ಹನ್ನೆರಡಕ್ಕೆ ಅವನು ನನ್ನ ತಟ್ಟೆಗೆ ಆಲೂಗಡ್ಡೆ ಹಾಕುತ್ತಿದ್ದನೆಂದು ನಾನೇ ಸಾಕ್ಷಿ ಹೇಳಿದ್ದೆ. ಆರರ ಪಂಕ್ತಿಯಲ್ಲಿ ಅವನನ್ನು ನೋಡಿದ್ದೆನೇ? ಇಲ್ಲ. ನೋಡಿದ್ದು ಏಳೂ ಕಾಲಿಗೆ, ಪಾತ್ರೆ ತೊಳೆಯುವಾಗ. ತೋಳು ಒದ್ದೆಯಾಗಿತ್ತು. ಪಾತ್ರೆ ತೊಳೆಯುವವನ ತೋಳು ಒದ್ದೆಯಾಗಿದ್ದರೆ ಯಾರು ಕೇಳುತ್ತಾರೆ?

“ಏಪ್ರನ್ ಇತ್ತಾ?” ಎಂದು ಡೆಪ್ಯುಟಿ ಕೇಳಿದಳು.

ಕಣ್ಣು ಮುಚ್ಚಿ ನೆನೆದೆ. ಇರಲಿಲ್ಲ. ಒಡನೆಯೇ ಇನ್ನೊಂದು ನೆನಪಾಯಿತು. ಹದಿನೆಂಟನೆಯ ಚಿತ್ರವನ್ನು ತೆಗೆಸಿದೆ. ಗ್ರೇಡಿಯ ಹಿಂದೆಯೇ ಹೋದ ಬಿಳಿಮೀನು. ನಾನು ನೋಡದೆಯೇ ‘ಹೌದು’ ಎಂದದ್ದು. ಅದಕ್ಕೆ ಕಣ್ಣಿರಲಿಲ್ಲ, ಬಾಲವಿರಲಿಲ್ಲ. ಎರಡು ಉದ್ದನೆಯ ಲಾಡಿಗಳಿದ್ದವು.

* * *

ಬುಧವಾರ ಬೆಳಿಗ್ಗೆ ಡೆಪ್ಯುಟಿ ಲೈಲ್‌ನನ್ನು ಎಣಿಸುವ ಕೋಣೆಗೆ ಕರೆಸಿದಳು. ಅವನು ನಗುತ್ತಲೇ ಬಂದ. ನನಗೆ ಇನ್ನೊಂದು ಪೊಟ್ಟಣ ಮೀನು ತಂದಿದ್ದ.

ಗಂಟೆ ತಪ್ಪಾಗಿತ್ತು, ಸಾವು ಆರೂವರೆಗೆ ಎಂದು ಡೆಪ್ಯುಟಿ ಹೇಳಿದಳು. ನಗು ಹಾಗೇ ಇತ್ತು. ತಾನು ಬೆಣ್ಣೆ ತರಲು ಅಂಗಡಿಗೆ ಹೋಗಿದ್ದೆ ಎಂದ. ಅವಳು ವಾದ ಮಾಡಲಿಲ್ಲ. ದೀಪ ಆರಿಸಿ, ಹದಿನೆಂಟನೆಯ ಚಿತ್ರವನ್ನು ಪರದೆಯ ತುಂಬ ಹಾಕಿದಳು. ಹಸಿರು ನೀರಿನಲ್ಲಿ ಬಿಳಿ ಬಟ್ಟೆ, ಒಳಗೆ ಯಾರೋ ಇದ್ದ ಹಾಗೆ ಉಬ್ಬಿಕೊಂಡಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಲೈಲ್ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು, ಏಪ್ರನ್ನಿನ ಕುಣಿಕೆ ಇರುವ ಜಾಗಕ್ಕೆ.

ಡೆಪ್ಯುಟಿ ಚೀಲದಿಂದ ಅದೇ ಏಪ್ರನ್ ತೆಗೆದು ಮೇಜಿನ ಮೇಲಿಟ್ಟಳು. ಕೆಳಗಿನ ಕೊನೆಯ ಕಂಬಿಯಲ್ಲಿ ಬೆಳಿಗ್ಗೆ ಸಿಕ್ಕಿತ್ತು. ಅಂಚಿನ ನೀಲಿ ಹೊಲಿಗೆ ನನ್ನದು. ಚರ್ಚಿನ ಹನ್ನೆರಡು ಏಪ್ರನ್ ಹೊಲಿದವಳು ನಾನು, ಅವುಗಳಲ್ಲಿ ಹನ್ನೊಂದು ಬೀರುವಿನಲ್ಲಿವೆ.

“ಊರೆಲ್ಲ ಊಟಕ್ಕೆ ಕೂತಿದೆ ಅಂತ ನೀನು ಬೋನಿಗೆ ಹೋದೆ,” ಎಂದಳು ಡೆಪ್ಯುಟಿ. “ಮೊಟ್ಟೆ ತೆಗೆದು ಮಾರೋಕೆ ಮೀನು ಕೊಯ್ತಿದ್ದೆ. ಗ್ರೇಡಿ ಹಿಡ್ಕೊಂಡ. ಓಣಿಯಲ್ಲಿ ಎಳೆದಾಟ ಆಯ್ತು, ತೆರೆದಿದ್ದ ಮುಚ್ಚಳದಿಂದ ಅವನು ಕೆಳಗೆ ಬಿದ್ದ. ಇಲ್ಲಿವರೆಗೆ ಸರಿನಾ?”

“ಕೊಲ್ಲಬೇಕು ಅಂತಿರ್ಲಿಲ್ಲ,” ಎಂದ ಲೈಲ್. ದನಿ ಸಣ್ಣದಾಗಿತ್ತು. “ಅವನೇ ಬಿದ್ದ.”

“ಬಿದ್ದು ನಿನ್ನ ಏಪ್ರನ್ ಹಿಡ್ಕೊಂಡ. ಎಳೆದ್ರೆ ಮೇಲೆ ಬರ್ತಿದ್ದ. ಈ ಲಾಡಿ ನೋಡು. ಹರಿದಿಲ್ಲ. ಬಿಚ್ಚಿದೆ.”

ಲೈಲ್ ಆ ಲಾಡಿಯನ್ನೇ ನೋಡುತ್ತಾ ಕೂತ. ಗಾಜಿನ ಆಚೆ ಒಂದು ಸ್ಟೀಲ್‌ಹೆಡ್ ಬಂದು, ಕ್ಷಣ ನಿಂತು, ಮುಂದೆ ಹೋಯಿತು. ಆಮೇಲೆ ಅವನು ಎಲ್ಲವನ್ನೂ ಹೇಳಿದ. ಕುಣಿಕೆಯಿಂದ ತಲೆ ತೆಗೆದದ್ದು, ಗಂಟು ಬಿಚ್ಚಿದ್ದು, ಮುಚ್ಚಳ ಹಾಕಿ ಚಿಲಕ ಜಡಿದದ್ದು, ಕೆಳಗಿನಿಂದ ಗೀರುವ ಸದ್ದು ನಿಲ್ಲುವವರೆಗೆ ಮೇಲೆ ನಿಂತದ್ದು. ಅವನು ತಂದ ಪೊಟ್ಟಣವನ್ನು ನಾನು ಕಸದ ಬುಟ್ಟಿಗೆ ಹಾಕಿದೆ.

* * *

ಶುಕ್ರವಾರ ಎಮೆಟ್ ಕೆಲಸಕ್ಕೆ ಬಂದ. ಮಧ್ಯಾಹ್ನ ನನ್ನ ಐವತ್ತು ನಿಮಿಷ ಮುಗಿದಿತ್ತು. ಹತ್ತು ನಿಮಿಷದ ಕಾಫಿ. ಇಬ್ಬರೂ ಗಾಜಿಗೆ ಬೆನ್ನು ಹಾಕಿ ಕೂತಿದ್ದೆವು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಹಾಗೆ ಕೂರಲು ನನಗೆ ಹೆದರಿಕೆಯಾಯಿತು. ಆಗಾಗ ತಿರುಗಿ ನೋಡುತ್ತಿದ್ದೆ.

ಚಿತ್ರ ಕೊಟ್ಟವಳು ನಾನು, ನೋಡದೆ ಗುಂಡಿ ಒತ್ತಿದವಳೂ ನಾನು, ಕ್ಷಮಿಸು ಎಂದೆ. ಎಮೆಟ್‌ಗೆ ಬೇಕಾಗಿದ್ದುದು ಬೇರೆ.

“ಐದೂ ಇಪ್ಪತ್ತೈದಕ್ಕೆ ಅವನು ಬದುಕಿದ್ನಾ?”

“ಬದುಕಿದ್ದ. ಇನ್ನೂ ಒಂದು ಗಂಟೆ ಬದುಕಿದ್ದ.”

“ಹಾಗಾದ್ರೆ ಕೈ ಕುಲುಕಿದ್ದು ನಿಜ.”

“ನಿಜ ಕಣೋ.”

ಅವನು ತನ್ನ ಬಲಗೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡ. ಕಣ್ಣು ಒರೆಸಿಕೊಂಡ. ಬೆನ್ನ ಹಿಂದೆ ಬ್ರಷ್ ಗಾಜನ್ನು ಉಜ್ಜುತ್ತಾ ಹೋದ ಸದ್ದು ಕೇಳಿಸಿತು.

“ಗಂಟೆ ಆಯ್ತು,” ಎಂದ. “ಕುರ್ಚಿ ಬಿಡು. ಈ ಸರದಿ ನಂದು.”

ನಾನು ಎದ್ದೆ. ಅವನು ಕೂತು, ಗಾಜಿನ ಕಡೆ ತಿರುಗಿ, ಎಣಿಕೆ ಗುಂಡಿ ಕೈಗೆ ತೆಗೆದುಕೊಂಡ. ನಾನು ಹಿಂದಿನ ಮೇಜಿಗೆ ಹೋಗಿ ಕಳೆದ ಶುಕ್ರವಾರದ ಹಾಳೆ ತೆಗೆದೆ. ಬಿಳಿಮೀನು ಒಂದು ಎಂದಿತ್ತು. ಅದನ್ನು ಹೊಡೆದುಹಾಕಿ ಸೊನ್ನೆ ಬರೆದು, ಪಕ್ಕದಲ್ಲಿ ನನ್ನ ಸಹಿ ಹಾಕಿದೆ.